ಸೆಕೆಂಡಿಗೆ 24 ಚಿತ್ರ ಬಿಡಿಸಲೇಬೇಕಾ?

ಒಬ್ಬರೇ ಕೂತು ಕೈಯಲ್ಲಿ ಅನಿಮೇಷನ್ ಮಾಡುತ್ತಿದ್ದೀರಿ, ಸೆಕೆಂಡಿಗೆ 24ರ ಬದಲು 12 ಚಿತ್ರಕ್ಕೆ ಇಳಿಸಿ ಒಂದೊಂದನ್ನೂ ಎರಡೆರಡು ಸಲ ತೋರಿಸಿದರೆ ಕಲೆ ಕೆಡುತ್ತದಾ ಅಂತ ಕೇಳಿದ್ದೀರಿ. ನಾನೂ ಇದೇ ಲೆಕ್ಕದ ಹಿಂದೆ ಬಿದ್ದು ಐದು ತಿಂಗಳು ಕಳೆದುಕೊಂಡೆ.

ನನ್ನದು 40 ಸೆಕೆಂಡಿನ ಚಿತ್ರ. ಅಜ್ಜಿ ಜಗಲಿಯಲ್ಲಿ ಕೂತು ಮೊರದಲ್ಲಿ ಅಕ್ಕಿ ಕೇರುತ್ತಾಳೆ, ಅಷ್ಟೇ. 24ರ ಲೆಕ್ಕದಲ್ಲಿ 960 ಹಾಳೆ. ದಿನಾ ರಾತ್ರಿ ಕೆಲಸದಿಂದ ಬಂದು ಲೈಟ್ ಬಾಕ್ಸ್ (ಹಾಳೆಯ ಕೆಳಗಿಂದ ಬೆಳಕು ಬರುವ ಪೆಟ್ಟಿಗೆ) ಮುಂದೆ ಕೂತು ಒಂದನ್ನೂ ಬಿಡದೆ ಬಿಡಿಸಿದೆ. ಸ್ಕ್ಯಾನ್ ಮಾಡಿ ಓಡಿಸಿದರೆ ಅಜ್ಜಿ ನೀರೊಳಗೆ ಕೂತ ಹಾಗಿದ್ದಳು. ಮೊರಕ್ಕೆ ಭಾರವೇ ಇಲ್ಲ, ಅಕ್ಕಿ ಏಳುವುದೂ ಬೀಳುವುದೂ ಒಂದೇ ಥರ.

ತಪ್ಪು ಏನು ಗೊತ್ತಾ? ಮೊದಲ ಹಾಳೆ, ಎರಡನೇದು, ಮೂರನೇದು ಅಂತ ವರಸೆಯಾಗಿ ಬಿಡಿಸುತ್ತಾ ಹೋಗಿದ್ದೆ, ಅದೂ ಹಾಳೆಯಿಂದ ಹಾಳೆಗೆ ಸರಿಯಾಗಿ ಅಷ್ಟಷ್ಟೇ ದೂರ ಜರುಗಿಸುತ್ತಾ, ಸ್ಕೇಲ್ ಇಟ್ಟು ಅಳೆದ ಹಾಗೆ. ನಿಜವಾದ ಅಕ್ಕಿ ಹಾಗೆ ಹಾರುವುದಿಲ್ಲ. ಮೊರದಿಂದ ಚಿಮ್ಮುವಾಗ ದೊಡ್ಡ ಹೆಜ್ಜೆ, ಮೇಲೆ ಹೋದಂತೆ ಚಿಕ್ಕ ಚಿಕ್ಕ ಹೆಜ್ಜೆ, ತುದಿಯಲ್ಲಿ ಒಂದು ಕ್ಷಣ ನಿಂತ ಹಾಗೆ, ಆಮೇಲೆ ಇಳಿಯುತ್ತಾ ಮತ್ತೆ ಹೆಜ್ಜೆ ದೊಡ್ಡದಾಗುತ್ತದೆ. ಅಂದರೆ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ತುದಿಯಲ್ಲಿ ಗೆರೆಗಳು ಒತ್ತೊತ್ತಾಗಿರಬೇಕು, ಕೆಳಗೆ ಬಿಡಿಬಿಡಿಯಾಗಿ. ನನ್ನವು ಏಣಿಯ ಮೆಟ್ಟಿಲಿನ ಹಾಗಿದ್ದವು. ಸೆಕೆಂಡಿಗೆ 48 ಬಿಡಿಸಿದ್ದರೂ ಅದು ಸರಿಹೋಗುತ್ತಿರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಎಷ್ಟು ಚಿತ್ರ ಅನ್ನುವುದಲ್ಲ, ಎರಡು ಚಿತ್ರದ ನಡುವೆ ಎಷ್ಟು ಜಾಗ ಅನ್ನುವುದು ಮುಖ್ಯ. ಫ್ರಾನ್ಸಿನ ಎಮಿಲ್ ಕೋಲ್ 1908ರಲ್ಲಿ 'ಫ್ಯಾಂಟಸ್ಮಗೋರಿ' ಮಾಡಿದ್ದು ಸುಮಾರು 700 ಚಿತ್ರದಲ್ಲಿ, ಒಂದೊಂದನ್ನೂ ಎರಡೆರಡು ಸಲ ಕ್ಯಾಮೆರಾಕ್ಕೆ ಹಿಡಿದು. ಯಾರಿಗೂ ಅದು ಅರೆಬರೆ ಅನ್ನಿಸುವುದಿಲ್ಲ. ಅಮೆರಿಕದ ವಿನ್ಸರ್ ಮೆಕೇ 1914ರಲ್ಲಿ ಗರ್ಟಿ ಅನ್ನುವ ಡೈನೋಸಾರ್‌ಗೆ ಜೀವ ಕೊಡುವಾಗ ಅದರ ಉಸಿರಾಟಕ್ಕೆ ತನ್ನದೇ ಉಸಿರನ್ನು ಗಡಿಯಾರ ಹಿಡಿದು ಅಳೆದ. ಅವನು ಬಿಡಿಸುತ್ತಿದ್ದದ್ದು ಮೊದಲು ಮುಖ್ಯ ಭಂಗಿಗಳನ್ನು, ಅವುಗಳ ನಡುವಿನ ಚಿತ್ರಗಳನ್ನು ಆಮೇಲೆ. ನಾನು ಮಾಡದೇ ಇದ್ದದ್ದು ಇದನ್ನೇ.

ಒಬ್ಬರೇ ಮಾಡುವುದು ಕಷ್ಟ ಅಂತ ಹೆದರಬೇಡಿ. ಒಂಟಿ ಮುದುಕಿ ಮತ್ತು ಅವಳ ಬೆಕ್ಕಿನ ಕಥೆ 'ಪ್ರಿಂಟೆಡ್ ರೇನ್‌ಬೋ'ವನ್ನು ಗೀತಾಂಜಲಿ ರಾವ್ ಕೈಯಾರೆ ಬಣ್ಣ ಹಾಕಿ ಮಾಡಿದರು. 2006ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು.

ಇವತ್ತೇ ಮನೆಯಲ್ಲಿ ಯಾರಾದರೂ ಮೊರ ಹಿಡಿದರೆ ಫೋನಿನಲ್ಲಿ ವಿಡಿಯೋ ಮಾಡಿ, ಒಂದೊಂದೇ ಫ್ರೇಮ್ ನಿಲ್ಲಿಸಿ ಮಣಿಕಟ್ಟು ನೋಡಿ. ಅಕ್ಕಿ ಏಳುವ ಮೊದಲೇ ಕೈ ಸ್ವಲ್ಪ ಕೆಳಗೆ ಇಳಿಯುತ್ತದೆ. ನನ್ನ 960ರಲ್ಲಿ ಆ ಒಂದು ಹಾಳೆ ಇರಲಿಲ್ಲ. ಎರಡನೇ ಸಲ ಸೆಕೆಂಡಿಗೆ 12ರಂತೆ ಬಿಡಿಸಿದಾಗ ಮೊದಲು ಬಿಡಿಸಿದ್ದೇ ಅದನ್ನು.