ಬ್ರಷ್ ಕಟರ್ ಬ್ಲೇಡಿನ ನಟ್ಟು ಬಿಚ್ಚೋಕೆ ಇಂಪ್ಯಾಕ್ಟ್ ರೆಂಚ್ ತಗೋಬೇಕಾ?

ಬೇಡ. ನಟ್ಟಿಗೆ ಪೆಟ್ಟು ಕೊಟ್ಟು ತಿರುಗಿಸೋ ಆ ಟೂಲಿನ ದುಡ್ಡು ಜೇಬಿನಲ್ಲೇ ಇರಲಿ.

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಹುಲ್ಲು ಕೊಯ್ಯೋ ಈ ಮಷಿನ್‌ನಲ್ಲಿ ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ಎಳೆದರೂ ನಟ್ಟು ಅಲ್ಲಾಡ್ತಿಲ್ಲ, ಇನ್ನೂ ಜೋರಿನ ಟೂಲ್ ಯಾವುದು ಅಂತ ಕೇಳಿದ್ದೀರಿ. ಮೊದಲು ಆ ಪೈಪನ್ನು ಪಕ್ಕಕ್ಕೆ ಇಡಿ. ಅದೇ ಥರದ ಪೈಪ್ ಹಿಡಿದು ಒಂದು ಗೇರ್ ಹೆಡ್ಡನ್ನು, ಅಂದರೆ ಬ್ಲೇಡ್ ತಿರುಗಿಸೋ ಗೇರುಗಳ ಡಬ್ಬಿಯನ್ನು, ಕೈಯಾರೆ ಹಾಳು ಮಾಡಿದವನು ನಾನು.

ನಮ್ಮದು ಗುಬ್ಬಿ ಕಡೆ ತೆಂಗಿನ ತೋಟ, ಸಾಲಿನ ಮಧ್ಯೆ ಅಡಿಕೆ. ನಮ್ಮ ಕಡೆ ಮಳೆ ಜೋರಾಗೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗ ಕಾಂಗ್ರೆಸ್ ಗಿಡ ಸೊಂಟದವರೆಗೆ ಬಂದುಬಿಡುತ್ತೆ. ಕೂಲಿಗೆ ಜನ ಸಿಗಲ್ಲ. ಹಾಗಾಗಿ ಬ್ರಷ್ ಕಟರ್ ತಂದೆವು. ಒಂದು ಸಂಜೆ ಹುಲ್ಲಿನೊಳಗೆ ಬಿದ್ದಿದ್ದ ಎಡಮಟ್ಟೆಗೆ ಬಡಿದು, ಅದರ ಹಿಂದೆಯೇ ಬದುವಿನ ಕಲ್ಲಿಗೂ ಬಡಿದು ಬ್ಲೇಡಿನ ಹಲ್ಲು ಮುಕ್ಕಾಯಿತು. ಬದಲಾಯಿಸೋಣ ಅಂತ ಕೂತೆ. ನಟ್ಟು ಬರಲಿಲ್ಲ. ಮಷಿನ್ ಕೊಟ್ಟ ಅಂಗಡಿಗೆ ಫೋನ್ ಮಾಡಿದೆ.

"ಅದು ಲೆಫ್ಟ್ ಥ್ರೆಡ್ಡು ಸಾರ್, ಉಲ್ಟಾ ತಿರುಗಿಸಿ" ಅಂದರು. ಸರಿಯಾಗೇ ಹೇಳಿದರು. ಕೆಟ್ಟಿದ್ದು ನನ್ನ ಕಡೆಯಿಂದ. ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದರೆ ನೀವೂ ಇದನ್ನೇ ಮಾಡ್ತಿದ್ದೀರಿ ಅಂತ ನನಗೆ ಗುಮಾನಿ.

ನಾನು ಮಷಿನ್ ಮಗುಚಿ ಹಾಕಿರಲಿಲ್ಲ. ಕೆಲಸ ಮಾಡುವಾಗ ಇರುವ ಹಾಗೇ, ಬ್ಲೇಡ್ ಕೆಳಗೆ ಮಾಡಿ ತೆಂಗಿನ ಮರಕ್ಕೆ ಒರಗಿಸಿದ್ದೆ. ನಟ್ಟು ಇರೋದು ಬ್ಲೇಡಿನ ಕೆಳಗಡೆ. ಸ್ಪ್ಯಾನರನ್ನು ಕೆಳಗಿನಿಂದ ತಡಕಾಡಿ ಕೂರಿಸಿ, ಬಗ್ಗಿ ಮೇಲಿನಿಂದ ನೋಡ್ತಾ ತಿರುಗಿಸಿದೆ. ಮಾಮೂಲಿ ನಟ್ಟು ಬಿಚ್ಚೋದು ಗಡಿಯಾರದ ಮುಳ್ಳಿಗೆ ಎದುರಾಗಿ. ಇದು ಉಲ್ಟಾ ಅಂದರಲ್ಲ, ಹಾಗಾಗಿ ಮುಳ್ಳು ತಿರುಗುವ ಕಡೆಗೇ ತಿರುಗಿಸಿದೆ.

ಎಡ ಥ್ರೆಡ್ಡು ಅನ್ನೋದು ಒಂದು ಉಲ್ಟಾ. ಕೆಳಗಿರುವ ನಟ್ಟನ್ನು ಮೇಲಿನಿಂದ ನೋಡೋದು ಇನ್ನೊಂದು ಉಲ್ಟಾ. ಎರಡೂ ಸೇರಿದರೆ ಸೀದಾ. ಅಂದರೆ ನಾನಿದ್ದ ಭಂಗಿಯಲ್ಲಿ, ಏನೂ ಗೊತ್ತಿಲ್ಲದವನ ಹಾಗೆ ಮಾಮೂಲಿ ದಿಕ್ಕಿಗೆ ತಿರುಗಿಸಿದ್ದರೆ ನಟ್ಟು ತಾನಾಗೇ ಬರ್ತಿತ್ತು. ನಾನು ಒಂದು ಉಲ್ಟಾ ಲೆಕ್ಕಕ್ಕೆ ತಗೊಂಡೆ, ಇನ್ನೊಂದನ್ನು ಬಿಟ್ಟೆ. ಬಿಚ್ಚುತ್ತಿದ್ದೀನಿ ಅಂದುಕೊಂಡು ಬಿಗಿ ಮಾಡ್ತಾ ಹೋದೆ. ಬರದೇ ಇದ್ದಷ್ಟೂ ಹಠ ಬಂತು. ಹನಿ ನೀರಾವರಿಗೆ ತಂದಿದ್ದರಲ್ಲಿ ಉಳಿದಿದ್ದ ಜಿಐ ಪೈಪಿನ ತುಂಡು ಸಿಕ್ಕಿತು, ಎರಡಡಿ ಇತ್ತು. ಸ್ಪ್ಯಾನರ್ ಹಿಡಿಗೆ ಸಿಕ್ಕಿಸಿ ಮೈಭಾರ ಬಿಟ್ಟೆ.

ಇಲ್ಲಿ ಒಂದು ಚಿಕ್ಕ ಲೆಕ್ಕ. ಇಂಥ ಮಷಿನ್‌ಗಳಲ್ಲಿ ಬ್ಲೇಡಿನ ನಟ್ಟನ್ನು ಕೆಲವು ಕಂಪನಿಗಳು 35ರಿಂದ 50 ನ್ಯೂಟನ್ ಮೀಟರ್ (ತಿರುಗಿಸೋ ಬಲದ ಅಳತೆ) ಬಿಗಿ ಮಾಡಿ ಅನ್ನುತ್ತವೆ. 20 ಸೆಂಟಿಮೀಟರ್ ಹಿಡಿಯ ಸ್ಪ್ಯಾನರ್ ತುದಿಗೆ 20 ಕೆ.ಜಿ. ಭಾರದಷ್ಟು ಒತ್ತಿದರೆ ಸುಮಾರು 40 ನ್ಯೂಟನ್ ಮೀಟರ್ ಆಗುತ್ತೆ. ಒಂದು ಕೈ ಸಾಕು. ಅದೇ 60 ಸೆಂಟಿಮೀಟರ್ ಪೈಪಿನ ತುದಿಗೆ 50 ಕೆ.ಜಿ. ಭಾರ ಬಿಟ್ಟರೆ 300ರ ಹತ್ತಿರ ಹೋಗುತ್ತೆ. ಬ್ಲೇಡನ್ನು ತಿರುಗಿಸೋ ಕಂಬಿ, ಅಂದರೆ ಶಾಫ್ಟು, ನಟ್ಟು ಕೂರುವ ತುದಿಯಲ್ಲಿ ಎಷ್ಟು ದಪ್ಪ ಗೊತ್ತಾ? ಬಹಳಷ್ಟು ಮಷಿನ್‌ಗಳಲ್ಲಿ 10 ಮಿಲಿಮೀಟರ್. ನಿಮ್ಮ ಕಿರುಬೆರಳಿಗಿಂತ ತೆಳು.

ಕಟಕ್ ಅಂತ ಬಿಟ್ಟುಕೊಟ್ಟಿತು. ಬಂತು ಅಂತ ಖುಷಿಯಾಯಿತು. ಆಮೇಲೆ ನೋಡಿದರೆ ನಟ್ಟು ಆ ಕಡೆಗೂ ತಿರುಗುತ್ತೆ, ಈ ಕಡೆಗೂ ತಿರುಗುತ್ತೆ, ಕೆಳಗೆ ಮಾತ್ರ ಇಳಿಯಲ್ಲ. ಮಷಿನ್ ಮಗುಚಿದೆ. ಗ್ರೀಸಿನ ಮಧ್ಯೆ ಸಣ್ಣ ತಂತಿಯ ಸುರುಳಿಯೊಂದು ಹೊಳೀತಿತ್ತು. ಅದು ಶಾಫ್ಟಿನ ಥ್ರೆಡ್ಡು, ಪೂರ್ತಿ ಸುಲಿದು ಬಂದಿತ್ತು. ಶಾಫ್ಟ್ ತಿರುಗದ ಹಾಗೆ ತೂರಿಸಿದ್ದ ಆಲನ್ ಕೀ (ಆರು ಮೂಲೆಯ ಬಾಗಿದ ಕಂಬಿ) ಇನ್ನಷ್ಟು ಬಾಗಿತ್ತು, ಅದರ ತೂತಿನ ಪಕ್ಕದಲ್ಲಿ ಅಲ್ಯೂಮಿನಿಯಂ ಮೈ ಬಿರುಕು ಬಿಟ್ಟಿತ್ತು.

ತುಮಕೂರಿಗೆ ಒಯ್ದೆ. ಬಿ.ಎಚ್. ರಸ್ತೆಯ ಪಕ್ಕದ ಗಲ್ಲಿಯಲ್ಲಿ ವಯಸ್ಸಾದ ಮೇಸ್ತ್ರಿಯೊಬ್ಬರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ ಒಂದೇ ಮಾತು ಕೇಳಿದರು, "ಯಾವ ಕಡೆಯಿಂದ ನೋಡ್ಕೊಂಡು ತಿರುಗಿಸಿದ್ರಿ?" ಗೇರ್ ಹೆಡ್ಡು ಇಡಿಯಾಗಿ ಬದಲಾಯಿಸಬೇಕಾಯಿತು. ಬೇಕಾದ ಸೈಜು ಅಂಗಡಿಯಲ್ಲಿರಲಿಲ್ಲ, ತರಿಸಬೇಕಿತ್ತು. ಅಷ್ಟರಲ್ಲಿ ಹುಲ್ಲು ಬೀಜ ಕಟ್ಟಿ ಉದುರಿಸಿತು, ಬಾಡಿಗೆ ಮಷಿನ್‌ನವರಿಗೆ ಗಂಟೆ ಲೆಕ್ಕದಲ್ಲಿ ಕೊಟ್ಟಿದ್ದು ಬೇರೆ. ಅಪ್ಪ ಮಾತ್ರ ಕುಡುಗೋಲು ಮಸೆಯುತ್ತಾ "ಇದಕ್ಕೆ ನಟ್ಟಿಲ್ಲ ನೋಡು" ಅಂದರು.

ಹಾಗಾಗಿ ನಿಮಗೆ ಬೇಕಿರೋದು ಟೂಲ್ ಅಲ್ಲ, ದಿಕ್ಕು. ಎಡ, ಬಲ, ಉಲ್ಟಾ, ಸೀದಾ ಎಲ್ಲಾ ಮರೆತುಬಿಡಿ. ಗೇರ್ ಹೆಡ್ಡಿನ ಮೇಲೋ ಗಾರ್ಡಿನ ಮೇಲೋ ಬ್ಲೇಡ್ ತಿರುಗುವ ದಿಕ್ಕಿಗೆ ಬಾಣದ ಗುರುತು ಇರುತ್ತೆ. ಬ್ಲೇಡ್ ಯಾವ ಕಡೆ ತಿರುಗುತ್ತೋ, ನಟ್ಟನ್ನು ಅದೇ ಕಡೆ ತಿರುಗಿಸಿದರೆ ಬಿಚ್ಚುತ್ತೆ. ಎದುರು ಕಡೆ ತಿರುಗಿಸಿದರೆ ಬಿಗಿಯಾಗುತ್ತೆ. ಮೇಲಿಂದ ನೋಡಿ, ಕೆಳಗಿಂದ ನೋಡಿ, ಇದು ಬದಲಾಗಲ್ಲ. ಕಂಪನಿಯವರು ಬೇಕಂತಲೇ ಹೀಗೆ ಮಾಡಿದ್ದಾರೆ. ಬ್ಲೇಡ್ ಗಟ್ಟಿ ಕಾಂಡಕ್ಕೆ ಸಿಕ್ಕಿ ತಡೆದಾಗ ಶಾಫ್ಟ್ ಮುಂದಕ್ಕೆ ನೂಕುತ್ತೆ, ಬ್ಲೇಡ್ ಹಿಂದಕ್ಕೆ ಜಗ್ಗುತ್ತೆ. ಆ ಜಗ್ಗಾಟ ನಟ್ಟನ್ನು ಬಿಗಿ ಮಾಡಬೇಕೇ ಹೊರತು ಸಡಿಲ ಮಾಡಬಾರದು. ಸೈಕಲ್ಲಿನ ಎಡಗಡೆ ಪೆಡಲ್‌ಗೂ ಎಡ ಥ್ರೆಡ್ಡೇ ಇರೋದು. ಮಷಿನ್ ಓಡಿದಷ್ಟೂ ನಟ್ಟು ತಾನೇ ಬಿಗಿಯಾಗುತ್ತೆ, ಅದಕ್ಕೇ ಬಿಚ್ಚುವಾಗ ಮೊದಲ ಎಳೆತಕ್ಕೆ ಸ್ವಲ್ಪ ಜೋರು ಬೇಕು. ಪೈಪ್ ಬೇಡ.

ಮುಟ್ಟೋ ಮೊದಲು ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಿತ್ತುಬಿಡಿ. ಸ್ವಿಚ್ ಆಫ್ ಇದೆಯಲ್ಲ ಅನ್ನಬೇಡಿ. ದಪ್ಪ ಗ್ಲೌಸ್ ಹಾಕ್ಕೊಳ್ಳಿ. ಪೆಟ್ರೋಲ್ ಮುಚ್ಚಳ ಭದ್ರ ಮಾಡಿ, ನಟ್ಟು ಕಣ್ಣೆದುರಿಗೆ ಬರುವ ಹಾಗೆ ಮಷಿನ್ ಮಗುಚಿ. ಶಾಫ್ಟಿಗೆ ಸುತ್ತಿಕೊಂಡ ಹುಲ್ಲಿನ ನಾರು, ಒಣಗಿದ ಮಣ್ಣು ಕೆರೆದು ತೆಗೆಯಿರಿ. ಬ್ಲೇಡಿಗೂ ಗೇರ್ ಹೆಡ್ಡಿಗೂ ನಡುವೆ ಇರುವ ಒಳಗಿನ ಬಿಲ್ಲೆಯಲ್ಲಿ ಒಂದು ತೂತು, ಗೇರ್ ಹೆಡ್ಡಿನಲ್ಲಿ ಒಂದು ತೂತು ಇರುತ್ತೆ. ಬ್ಲೇಡ್ ಮೆಲ್ಲಗೆ ತಿರುಗಿಸಿ ಎರಡನ್ನೂ ಒಂದರ ಮೇಲೊಂದು ತಂದು, ಮಷಿನ್ ಜೊತೆ ಬಂದ ಆಲನ್ ಕೀ ತೂರಿಸಿ. ಸ್ಕ್ರೂಡ್ರೈವರ್ ತೂರಿಸಬೇಡಿ, ಅದು ಸಡಿಲವಾಗಿ ಕೂತು ತೂತಿನ ಅಂಚು ತಿನ್ನುತ್ತೆ.

ಸ್ಪ್ಯಾನರ್ ವಿಚಾರದಲ್ಲಿ ಮಾತ್ರ ಸ್ವಲ್ಪ ಖರ್ಚು ಮಾಡಿ. ಮಷಿನ್ ಜೊತೆ ಕೊಡೋ ತಗಡಿನ ಬಾಕ್ಸ್ ಸ್ಪ್ಯಾನರ್ ಬಾಯಿ ಬೇಗ ಅಗಲವಾಗುತ್ತೆ. ನಟ್ಟಿನ ಅಳತೆ ನೋಡಿ, ನನ್ನದಕ್ಕೆ 17ನೇ ನಂಬರು, ಅದಕ್ಕೆ ಸರಿಯಾದ ಸಾಕೆಟ್ ಮತ್ತು ಒಂದು ಗೇಣಿನ ಹಿಡಿ ತಗೊಳ್ಳಿ. ಬಾಯಿ ತೆರೆದ ಸ್ಪ್ಯಾನರ್, ಪೈಪ್ ರೆಂಚ್ ಎರಡೂ ಈ ಕೆಲಸಕ್ಕಲ್ಲ. ಇಂಪ್ಯಾಕ್ಟ್ ರೆಂಚ್ ಲಾರಿ ಚಕ್ರಕ್ಕೆ ಚೆಂದ. ಆಲನ್ ಕೀ ತೂರಿಸಿ ಶಾಫ್ಟ್ ತಡೆದಿರುವಾಗ ಅದು ಬಡಿಯೋ ಪೆಟ್ಟೆಲ್ಲಾ ಆ ಸಣ್ಣ ತೂತಿನ ಮೇಲೇ ಬೀಳುತ್ತೆ. ಅದರಲ್ಲಿ ಬಿಗಿ ಮಾಡೋದಂತೂ ಬೇಡವೇ ಬೇಡ. ಎಷ್ಟು ಬಿಗಿಯಾಯಿತು ಅಂತ ಅಳೆಯೋ ಟಾರ್ಕ್ ರೆಂಚ್ ಇದ್ದರೆ ಒಳ್ಳೇದು, ಇಲ್ಲದಿದ್ದರೆ ಮೇಲೆ ಹೇಳಿದ ಒಂದು ಕೈ ಲೆಕ್ಕ ಸಾಕು. ನಿಮ್ಮ ಮಷಿನ್ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ನಂಬಿ.

ವಾಪಸ್ ಹಾಕುವಾಗ ಬಲಕ್ಕಿಂತ ಕಣ್ಣು ಮುಖ್ಯ. ಒಳಗಿನ ಬಿಲ್ಲೆಯ ಮಧ್ಯೆ ಒಂದು ಉಬ್ಬು ಇರುತ್ತೆ, ಬ್ಲೇಡಿನ ತೂತು ಅದರ ಮೇಲೆ ಸರಿಯಾಗಿ ಕೂರಬೇಕು. ತೂತು ಸಾಮಾನ್ಯವಾಗಿ 25.4 ಮಿಲಿಮೀಟರ್, ಅಂದರೆ ಒಂದು ಇಂಚು. 20ರದ್ದೂ ಇದೆ, ಕೊಳ್ಳುವಾಗ ನೋಡಿ. ಉಬ್ಬಿನಿಂದ ಕೂದಲೆಳೆ ಪಕ್ಕಕ್ಕೆ ಕೂತರೂ ನಟ್ಟು ಬಿಗಿಯಾದ ಹಾಗೇ ಅನಿಸುತ್ತೆ, ಸ್ಟಾರ್ಟ್ ಮಾಡಿದರೆ ಮಷಿನ್ ಕೈಯಲ್ಲಿ ನಡುಗುತ್ತೆ. ಬ್ಲೇಡ್ ಮೇಲೆ ಹೊರಗಿನ ಬಿಲ್ಲೆ, ಅದರ ಮೇಲೆ ಬಟ್ಟಲು, ಕೊನೆಗೆ ನಟ್ಟು. ನಟ್ಟನ್ನು ಬೆರಳಲ್ಲಿ ತಿರುಗಿಸಿ ನೋಡಿ. ಒಳಗೆ ನೈಲಾನ್ ಉಂಗುರ ಇರುವ ನಟ್ಟಾದರೆ ಬೆರಳಿಗೆ ಸುಲಭವಾಗಿ ಬಗ್ಗಬಾರದು. ಸಲೀಸಾಗಿ ಕೊನೆವರೆಗೆ ಹೋಯ್ತು ಅಂದರೆ ಅದರ ಹಿಡಿತ ಹೋಗಿದೆ, ಹೊಸದು ಹಾಕಿ. ಆಲನ್ ಕೀ ತೆಗೆಯೋದು ಮರೀಬೇಡಿ. ಪ್ಲಗ್ ಕ್ಯಾಪ್ ಹಾಕೋ ಮೊದಲು ಬ್ಲೇಡನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಗಾರ್ಡಿಗೂ ಹಲ್ಲಿಗೂ ನಡುವಿನ ಸಂದು ಎಲ್ಲಾ ಕಡೆ ಒಂದೇ ಸಮ ಇದೆಯಾ ನೋಡಿ.

ಬ್ಲೇಡ್ ಬದಲು ಕೂರಿಸೋ, ತಂಗೂಸಿ (ನೈಲಾನ್ ದಾರ) ಹಾಕೋ ಡಬ್ಬಿ ತೆಗೆಯುವಾಗಲೂ ಇದೇ ದಿಕ್ಕು. ಆದರೆ ಇದನ್ನು ನಾಲ್ಕು ಚಕ್ರದ ಲಾನ್ ಮೂವರ್‌ಗೆ ಅನ್ವಯಿಸಬೇಡಿ. ಅದರ ಮಧ್ಯದ ಬೋಲ್ಟು ಹೆಚ್ಚಿನವುಗಳಲ್ಲಿ ಮಾಮೂಲಿ ಥ್ರೆಡ್ಡೇ. ಅಲ್ಲಿ ಬ್ಲೇಡ್ ತಿರುಗದ ಹಾಗೆ ಒಂದು ಮರದ ತುಂಡು ಅಡ್ಡ ಕೊಡಬೇಕು. ಪೆಟ್ರೋಲಿನದಾದರೆ ಏರ್ ಫಿಲ್ಟರ್ ಮೇಲೆ ಬರುವ ಹಾಗೆ ವಾಲಿಸಬೇಕು, ಇಲ್ಲದಿದ್ದರೆ ಆಯಿಲ್ ಅದರೊಳಗೆ ಇಳಿಯುತ್ತೆ.

ಈಗ ನಿಮ್ಮ ನಟ್ಟಿಗೆ ಬರೋಣ. ಅಷ್ಟು ಹೊತ್ತು ಪೈಪ್ ಹಾಕಿ ಎಳೆದಿದ್ದೀರಿ ಅಂದರೆ, ದಿಕ್ಕು ತಪ್ಪಿದ್ದರೆ ಚೆನ್ನಾಗೇ ಬಿಗಿದಿರುತ್ತೆ. ತುಕ್ಕು ಬಿಡಿಸೋ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಆಲನ್ ಕೀ ತೂರಿಸಿ, ಬಾಣದ ದಿಕ್ಕಿಗೆ ಒಂದೇ ಸಲ ಗಟ್ಟಿಯಾಗಿ ಎಳೆಯಿರಿ. ಆಗಲೂ ಬರದಿದ್ದರೆ ಲೇತ್ ಅಂಗಡಿಗೆ ಒಯ್ದು ನಟ್ಟನ್ನೇ ಸೀಳಿಸಿ ತೆಗೆಸಿ. ಹೊಸ ನಟ್ಟು ಕೊಳ್ಳುವಾಗ ಎಡ ಥ್ರೆಡ್ಡಿನದೇ ಬೇಕು ಅಂತ ಬಾಯಿಬಿಟ್ಟು ಹೇಳಿ, ಸುಮ್ನೆ 10 ಎಂಎಂ ನಟ್ಟು ಅಂದರೆ ಮಾಮೂಲಿಯದನ್ನೇ ಕೊಡ್ತಾರೆ.