ಕೋರ್ಟು ಹೇಳಿದ್ದೇನು, ಹೇಳದ್ದೇನು

ನಮಸ್ಕಾರ. ಅಮೆರಿಕದ ಕಾಫಿ ಕಂಪನಿ ಸ್ಟಾರ್‌ಬಕ್ಸ್‌ನ ನೌಕರರ ಸಂಘದ ಬಗ್ಗೆ ನಾವು ಬರೆದದ್ದು ಒಂದು ಕಡೆಗೇ ವಾಲಿದೆ ಎಂದು ಬೇಸರಪಟ್ಟಿದ್ದೀರಿ. ‘ಅಮೆರಿಕದ ಸುಪ್ರೀಂ ಕೋರ್ಟೇ ಕಂಪನಿಯ ಪರ ತೀರ್ಪು ಕೊಟ್ಟಿದೆಯಲ್ಲ, ಇನ್ನೇನು ತಕರಾರು?’ ಎಂದು ಕೇಳಿದ್ದೀರಿ. ಆ ತೀರ್ಪಿನ ವಿವರ ನಾವು ಕೊಡಬೇಕಿತ್ತು. ಕೊಡದೇ ಹೋದದ್ದು ನಮ್ಮ ತಪ್ಪು.

ಕೇಸು ಮೆಂಫಿಸ್ ನಗರದ ಒಂದು ಅಂಗಡಿಯದು. 2022ರ ಶುರುವಿನಲ್ಲಿ ಅಲ್ಲಿನವರು ಸಂಘ ಕಟ್ಟಲು ಹೊರಟರು. ಒಂದು ದಿನ ಅಂಗಡಿ ಮುಚ್ಚಿದ ಮೇಲೆ ಟಿವಿಯವರನ್ನು ಒಳಗೆ ಕರೆದು ಮಾತಾಡಿದರು. ಫೆಬ್ರವರಿಯಲ್ಲಿ ಏಳು ಮಂದಿಯ ಕೆಲಸ ಹೋಯಿತು. ಹೊತ್ತಲ್ಲದ ಹೊತ್ತಲ್ಲಿ ಹೊರಗಿನವರನ್ನು ಬಿಟ್ಟುಕೊಂಡದ್ದು ನಿಯಮಕ್ಕೆ ವಿರುದ್ಧ ಎಂದಿತು ಕಂಪನಿ. ಸಂಘ ಕಟ್ಟಿದ್ದಕ್ಕೇ ಈ ಶಿಕ್ಷೆ ಎಂದಿತು ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿ, ಅಂದರೆ ಸಂಘ ಕಟ್ಟುವ ಹಕ್ಕನ್ನು ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ. ಕೇಸು ಮುಗಿಯುವವರೆಗೆ ಅವರನ್ನು ವಾಪಸ್ ತೆಗೆದುಕೊಳ್ಳಿ ಎಂದು ಆಗಸ್ಟ್‌ನಲ್ಲಿ ಕೆಳಗಿನ ಕೋರ್ಟು ಆದೇಶ ಕೊಟ್ಟಿತು.

2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದಿಷ್ಟು: ಇಂಥ ಮಧ್ಯಂತರ ಆದೇಶ ಬೇಕೆಂದು ಮಂಡಳಿ ಬಂದರೆ ಅದಕ್ಕೆ ವಿಶೇಷ ರಿಯಾಯಿತಿ ಇಲ್ಲ, ಉಳಿದ ಕೇಸುಗಳ ಅಳತೆಗೋಲೇ ಅದಕ್ಕೂ. ಆ ಏಳು ಜನರನ್ನು ತೆಗೆದದ್ದು ಸರಿ ಎಂದು ಕೋರ್ಟು ಎಲ್ಲೂ ಹೇಳಿಲ್ಲ.

ಹಾಗಂತ ಇದು ಸಣ್ಣ ತೀರ್ಪೂ ಅಲ್ಲ. ಮಧ್ಯಂತರ ಆದೇಶ ಪಡೆಯುವುದು ಮಂಡಳಿಗೆ ಇದರಿಂದ ಕಷ್ಟವಾಯಿತು. ಇಂಥ ಕೇಸು ಪೂರ್ತಿ ಮುಗಿಯಲು ವರ್ಷಗಳೇ ಹಿಡಿಯಬಹುದು. ಕೆಲಸ ಹೋದವರು ಅಲ್ಲಿಯವರೆಗೆ ಕಾಯುತ್ತಾ ಕೂರಲು ಆಗುತ್ತದಾ? ಬಾಡಿಗೆ ಕಟ್ಟಬೇಕು, ಬೇರೆ ಕೆಲಸ ನೋಡಿಕೊಳ್ಳುತ್ತಾರೆ. ಅವರಿಗಾದದ್ದನ್ನು ಕಂಡು ಉಳಿದವರು ಸುಮ್ನಾಗುತ್ತಾರೆ. ಆಮೇಲೆ ಗೆದ್ದರೂ ಆ ಸಂಘದಲ್ಲಿ ಯಾರು ಉಳಿದಿರುತ್ತಾರೆ ಹೇಳಿ.

ಪಾರ್ಟ್‌ಟೈಮ್ ನೌಕರರಿಗೂ ಕಂಪನಿ ಆರೋಗ್ಯ ವಿಮೆ ಕೊಡುತ್ತದೆ ಎಂದಿದ್ದೀರಿ. ನಿಜ, ಅದು ಒಳ್ಳೆಯದೇ. ಆದರೆ ಅದನ್ನು ಕಂಪನಿ ತಾನಾಗಿ ಕೊಡುವುದು ಬೇರೆ, ಒಪ್ಪಂದದಲ್ಲಿ ಬರೆಸಿಕೊಳ್ಳುವುದು ಬೇರೆ ಅಲ್ವಾ? ನೌಕರರು ಕೇಳುತ್ತಿರುವುದು ಆ ಒಪ್ಪಂದವನ್ನೇ.

ನನ್ನನ್ನು ಜಾಸ್ತಿ ಕಾಡುವುದು ಈ ಎಳೆದಾಟ. 2021ರ ಡಿಸೆಂಬರ್‌ನಲ್ಲಿ ಬಫಲೋ ನಗರದ ಒಂದು ಅಂಗಡಿಯಲ್ಲಿ ಸಂಘದ ಪರ 19 ಮತ, ವಿರುದ್ಧ 8. ಆಮೇಲೆ ನೂರಾರು ಅಂಗಡಿಗಳು ಅದೇ ದಾರಿ ಹಿಡಿದವು. 2023ರ ಮಾರ್ಚ್‌ನಲ್ಲಿ ಬರ್ನಿ ಸ್ಯಾಂಡರ್ಸ್ ಅಧ್ಯಕ್ಷತೆಯ ಸೆನೆಟ್ ಸಮಿತಿ ಕಂಪನಿಯ ಮಾಜಿ ಮುಖ್ಯಸ್ಥ ಹೊವಾರ್ಡ್ ಶುಲ್ಟ್ಸ್ ಅವರನ್ನು ಪ್ರಶ್ನೆ ಮಾಡಿತು. ಕಂಪನಿ ಕಾನೂನು ಮುರಿದಿಲ್ಲ ಎಂದರು ಅವರು. 2024ರ ಫೆಬ್ರವರಿಯಲ್ಲಿ ಎರಡೂ ಕಡೆಯವರು ಮಾತುಕತೆಗೆ ಒಪ್ಪಿದರು. ಅಲ್ಲಿನ ಕಾನೂನು ಕೂತು ಪ್ರಾಮಾಣಿಕವಾಗಿ ಮಾತಾಡಿ ಎನ್ನುತ್ತದೆ, ಒಪ್ಪಂದಕ್ಕೆ ಬರಲೇಬೇಕು ಎನ್ನುವುದಿಲ್ಲ. 2025ರ ನವೆಂಬರ್‌ನಲ್ಲಿ ನೌಕರರು ಮತ್ತೆ ಮುಷ್ಕರಕ್ಕೆ ಇಳಿದಾಗಲೂ, ಮತ ಹಾಕಿ ಹೆಚ್ಚುಕಡಿಮೆ ನಾಲ್ಕು ವರ್ಷವಾಗಿದ್ದ ಆ ಬಫಲೋ ಅಂಗಡಿಯವರ ಕೈಗೆ ಮೊದಲ ಒಪ್ಪಂದ ಬಂದಿರಲಿಲ್ಲ.