ಓದುಗರ ಪ್ರಶ್ನೆ, ನಮ್ಮ ಉತ್ತರ: ನಾಣ್ಯದ ಯಂತ್ರದ ಆಟಗಳು ಮನೆಯ ಟಿ.ವಿ.ಗೆ ಬಂದಾಗ

ನಾಣ್ಯ ಹಾಕಿ ಆಡುವ ಯಂತ್ರಗಳಲ್ಲಿದ್ದ ಹಳೆಯ ಆಟಗಳನ್ನು (ಆರ್ಕೇಡ್ ಆಟಗಳನ್ನು) ಒಟ್ಟುಗೂಡಿಸಿ, ಟಿ.ವಿ.ಗೆ ಜೋಡಿಸಿ ಆಡುವ ಮನೆಯ ಕನ್ಸೋಲ್‌ಗಳಿಗೆ ಮರುಬಿಡುಗಡೆ ಮಾಡುವ ಸಂಕಲನಗಳ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದ ಸಣ್ಣ ಟಿಪ್ಪಣಿಗೆ ಉತ್ತರ ಕನ್ನಡದಿಂದ ಹಲವು ಪತ್ರಗಳು ಬಂದಿವೆ. ಒಂದು ರೂಪಾಯಿ ನಾಣ್ಯ ಹಾಕಿ ಆಡಿದ ಆಟಗಳನ್ನು ಇಷ್ಟು ಜನ ಇಷ್ಟು ವಿವರವಾಗಿ ನೆನಪಿಟ್ಟುಕೊಂಡಿರುವುದು ನನಗೆ ನಿಜವಾಗಿಯೂ ಸಂತೋಷ ಕೊಟ್ಟಿತು. ಆರು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಕುಮಟಾದ ಓದುಗರು: ನಮ್ಮ ಬಾಲ್ಯದಲ್ಲಿ ಟಿ.ವಿ.ಗೆ ಜೋಡಿಸುವ ವಿಡಿಯೋ ಗೇಮ್‌ನಲ್ಲಿಯೂ ಡಾಂಕಿ ಕಾಂಗ್ ಇತ್ತು. ಆದರೆ ಅದು ಅಂಗಡಿಯ ಯಂತ್ರದಲ್ಲಿದ್ದ ಆಟದಂತೆ ಇರಲಿಲ್ಲ. ಈಗಿನ ಸಂಕಲನಗಳಲ್ಲಿ ‘ಅದೇ ಆಟ’ ಇದೆ ಎನ್ನುತ್ತಾರೆ. ಇದನ್ನು ನಂಬಬಹುದೇ?

ನಿಮ್ಮ ನೆನಪು ಸರಿಯಾಗಿದೆ. 1981ರ ಆರ್ಕೇಡ್ ಡಾಂಕಿ ಕಾಂಗ್‌ನಲ್ಲಿ ನಾಲ್ಕು ಹಂತಗಳಿದ್ದವು. ಅದನ್ನು ಮಾಡಿದ ನಿಂಟೆಂಡೊ ಕಂಪನಿ ತನ್ನ ಮನೆಯ ಯಂತ್ರಕ್ಕೆ ಅದನ್ನು ಹೊಸದಾಗಿ ಬರೆದಾಗ ಸಿಮೆಂಟಿನ ತಟ್ಟೆಗಳು ಪಟ್ಟಿಯ ಮೇಲೆ ಸಾಗುವ ಹಂತವನ್ನು ಕೈಬಿಟ್ಟಿತು. ನಮ್ಮ ಕಡೆಯ ಮನೆಗಳಿಗೆ ಬಂದದ್ದು ಆ ಯಂತ್ರದ ನಕಲುಗಳು. ಆದ್ದರಿಂದ ನಾವು ಮೂರು ಹಂತದ ಆಟವನ್ನೇ ಪೂರ್ಣ ಆಟವೆಂದು ತಿಳಿದು ಬೆಳೆದೆವು.

ಆಗಿನ ಮನೆಯ ಆಟಗಳೆಲ್ಲ ಬೇರೆಯ, ಬಡ ಯಂತ್ರಕ್ಕಾಗಿ ಮೊದಲಿನಿಂದ ಬರೆದಂಥವು. ಯಕ್ಷಗಾನ ಬಲ್ಲ ನಿಮಗೆ ಹೀಗೆ ಹೇಳಿದರೆ ಸುಲಭವಾಗಿ ತಿಳಿಯುತ್ತದೆ: ಒಂದೇ ಪ್ರಸಂಗವನ್ನು ಬೇರೆ ಮೇಳ, ಬೇರೆ ಭಾಗವತರು, ಅರ್ಧ ಹಿಮ್ಮೇಳದೊಂದಿಗೆ ಆಡಿದಂತೆ. ಕಥೆ ಅದೇ ಇರುತ್ತದೆ, ಆದರೆ ಪದ್ಯದ ಗತಿ ಮತ್ತು ಕುಣಿತದ ಲೆಕ್ಕ ಬದಲಾಗುತ್ತವೆ. ಈಗಿನ ಉತ್ತಮ ಸಂಕಲನಗಳು ಬೇರೆ ದಾರಿ ಹಿಡಿದಿವೆ. ಅವು ಮೂಲ ಬೋರ್ಡಿನ, ಅಂದರೆ ಆರ್ಕೇಡ್ ಯಂತ್ರದೊಳಗಿನ ಸರ್ಕ್ಯೂಟ್ ಹಲಗೆಯ, ಚಿಪ್‌ಗಳಲ್ಲಿದ್ದ ಪ್ರೋಗ್ರಾಮನ್ನು ಒಂದಕ್ಷರವೂ ಬದಲಿಸದೆ ತೆಗೆದುಕೊಂಡು, ಆ ಬೋರ್ಡಿನ ಪ್ರೊಸೆಸರ್, ಧ್ವನಿಯ ಚಿಪ್, ಚಿತ್ರ ಮೂಡಿಸುವ ಸರ್ಕ್ಯೂಟ್ ಇವೆಲ್ಲ ಹೇಗೆ ನಡೆಯುತ್ತಿದ್ದವೋ ಹಾಗೆಯೇ ನಡೆದುಕೊಳ್ಳುವ ಒಂದು ಸಾಫ್ಟ್‌ವೇರಿನ ಮೇಲೆ ಓಡಿಸುತ್ತವೆ. ಇದಕ್ಕೆ ಎಮ್ಯುಲೇಶನ್ ಎನ್ನುತ್ತಾರೆ. ಡಿಜಿಟಲ್ ಎಕ್ಲಿಪ್ಸ್ ಸಂಸ್ಥೆಯು 1990ರ ದಶಕದ ನಡುವಿನಲ್ಲಿ ವಿಲಿಯಮ್ಸ್ ಕಂಪನಿಯ ಡಿಫೆಂಡರ್, ಜೌಸ್ಟ್, ರೋಬೋಟ್ರಾನ್ ಆಟಗಳನ್ನು ಈ ವಿಧಾನದಿಂದ ಮನೆಗೆ ತಂದಿತು. 1997ರಲ್ಲಿ ನಿಕೋಲಾ ಸಾಲ್ಮೋರಿಯಾ ಆರಂಭಿಸಿದ ‘ಮೇಮ್’ ಎಂಬ ಎಮ್ಯುಲೇಶನ್ ಯೋಜನೆಯು ಸಾವಿರಾರು ಬೋರ್ಡುಗಳ ನಡವಳಿಕೆಯನ್ನು ದಾಖಲಿಸುತ್ತ ಬಂದಿದೆ.

ಇಷ್ಟು ಶ್ರಮ ಏಕೆ ಬೇಕೆಂದು ತಿಳಿಯಲು ಟೈಟೋ ಕಂಪನಿಯ 1978ರ ಸ್ಪೇಸ್ ಇನ್ವೇಡರ್ಸ್ ಒಂದೇ ಉದಾಹರಣೆ ಸಾಕು. ಅದರಲ್ಲಿ ಶತ್ರುಗಳು 55. ಯಂತ್ರವು ಪರದೆಯ ಪ್ರತಿ ಚೌಕಟ್ಟಿಗೆ (ಅಂದರೆ ಒಮ್ಮೆ ಮೂಡುವ ಪೂರ್ಣ ಚಿತ್ರಕ್ಕೆ) ಒಬ್ಬ ಶತ್ರುವನ್ನು ಮಾತ್ರ ಸರಿಸುತ್ತದೆ, ಸೆಕೆಂಡಿಗೆ ಸುಮಾರು 60 ಚೌಕಟ್ಟುಗಳು ಮೂಡುತ್ತವೆ. ಆದ್ದರಿಂದ ಎಲ್ಲರೂ ಬದುಕಿರುವಾಗ ಇಡೀ ದಂಡು ಒಂದು ಹೆಜ್ಜೆ ಇಡಲು ಒಂದು ಸೆಕೆಂಡಿಗೆ ಸ್ವಲ್ಪ ಕಡಿಮೆ ಹೊತ್ತು ಹಿಡಿಯುತ್ತದೆ. ಕೊನೆಗೆ ಉಳಿದ ಒಬ್ಬನು ಪ್ರತಿ ಚೌಕಟ್ಟಿಗೂ ಸರಿಯುತ್ತ ಬಾಣದಂತೆ ಓಡುತ್ತಾನೆ. ಆಟದ ಎದೆಬಡಿತವೇ ಆ ಏರುವ ವೇಗದಲ್ಲಿದೆ, ಮತ್ತು ಅದು ಹುಟ್ಟಿದ್ದು ಯಂತ್ರದ ಮಿತಿಯಿಂದ. ಪ್ಯಾಕ್‌ಮ್ಯಾನ್‌ನ 256ನೆಯ ಹಂತದಲ್ಲಿ ಪರದೆಯ ಬಲ ಅರ್ಧ ಚೆಲ್ಲಾಪಿಲ್ಲಿಯಾಗುವುದೂ ಅಂಥದ್ದೇ. ಹಂತವನ್ನು ಎಣಿಸುವ ಒಂದು ಬೈಟ್‌ನಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆಗೆ ಜಾಗವಿಲ್ಲ. ಒಳ್ಳೆಯ ಸಂಕಲನ ಈ ದೋಷವನ್ನೂ ತಿದ್ದದೆ ಉಳಿಸಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಅಂದ ಹಾಗೆ, ನಾಲ್ಕೂ ಹಂತಗಳಿರುವ ಆರ್ಕೇಡ್ ಡಾಂಕಿ ಕಾಂಗ್ ಹ್ಯಾಮ್‌ಸ್ಟರ್ ಸಂಸ್ಥೆಯ ‘ಆರ್ಕೇಡ್ ಆರ್ಕೈವ್ಸ್’ ಮಾಲಿಕೆಯಲ್ಲಿ 2018ರಲ್ಲಿ ನಿಂಟೆಂಡೊದ ಸ್ವಿಚ್ ಕನ್ಸೋಲ್‌ಗೆ ಬಂದಿದೆ.

ಶಿರಸಿಯ ಓದುಗರು: ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯಲ್ಲಿ, ತೊಟ್ಟಿಲು ಮತ್ತು ನಾಟಕದ ಡೇರೆಗಳ ಸಾಲಿನಲ್ಲಿಯೇ ವಿಡಿಯೋ ಗೇಮ್ ಡೇರೆಯೂ ಇರುತ್ತಿತ್ತು. ಅಲ್ಲಿನ ಸ್ಟ್ರೀಟ್ ಫೈಟರ್‌ನಲ್ಲಿ ಆಟಗಾರ ಗಾಳಿಯಲ್ಲಿಯೇ ಸಾಲುಸಾಲು ಬೆಂಕಿಚೆಂಡು ಬಿಡುತ್ತಿದ್ದ, ಹೊಡೆದಾಟದ ನಡುವೆ ಗುಂಡಿ ಒತ್ತಿದರೆ ಬೇರೆ ಆಟಗಾರನಾಗಿ ಬದಲಾಗುತ್ತಿದ್ದ. ಮಗ ತಂದ ಸಂಕಲನದಲ್ಲಿ ಹನ್ನೆರಡು ಸ್ಟ್ರೀಟ್ ಫೈಟರ್ ಆಟಗಳಿದ್ದರೂ ಇದು ಯಾವುದರಲ್ಲಿಯೂ ಇಲ್ಲ. ನಾನು ಕಂಡದ್ದು ಭ್ರಮೆಯೇ?

ಭ್ರಮೆಯಲ್ಲ. ನೀವು ಆಡಿದ್ದು ಕ್ಯಾಪ್‌ಕಾಮ್ ಕಂಪನಿ ಮಾಡಿದ ಆಟವಲ್ಲ, ಅದರ ಚಿಪ್‌ಗಳನ್ನು ಬೇರೆಯವರು ತಿದ್ದಿ ಮಾರಿದ ನಕಲು ಬೋರ್ಡ್. ಸ್ಟ್ರೀಟ್ ಫೈಟರ್ ಎರಡರ ‘ಚಾಂಪಿಯನ್ ಎಡಿಶನ್’ 1992ರಲ್ಲಿ ಬಂದ ಬೆನ್ನಿಗೇ ಅದನ್ನು ಹೀಗೆ ತಿದ್ದಿದ ಹಲವು ಆವೃತ್ತಿಗಳು ಹೊರಬಿದ್ದವು. ‘ರೇನ್‌ಬೋ ಎಡಿಶನ್’ ಎಂಬ ಹೆಸರಿನದು ಅವುಗಳಲ್ಲಿ ಬಹಳ ಪ್ರಸಿದ್ಧವಾಯಿತು. ಈ ನಕಲುಗಳ ವೇಗಕ್ಕೆ ಜನ ಮರುಳಾದುದನ್ನು ಕಂಡ ಕ್ಯಾಪ್‌ಕಾಮ್ ಅದೇ ವರ್ಷದ ಕೊನೆಯಲ್ಲಿ ತಾನೇ ‘ಹೈಪರ್ ಫೈಟಿಂಗ್’ ಹೊರತಂದು, ಆಟದ ವೇಗವನ್ನು ಹೆಚ್ಚಿಸಿ, ಗಾಳಿಯಲ್ಲಿ ಮಾಡಬಹುದಾದ ಕೆಲವು ಪಟ್ಟುಗಳನ್ನು ಸೇರಿಸಿತು. ನಿಮ್ಮ ಮಗ ತಂದಿರುವುದು 2018ರ ‘30ನೆಯ ವಾರ್ಷಿಕೋತ್ಸವ ಸಂಕಲನ’ವಾಗಿರಬೇಕು, ಏಕೆಂದರೆ ಅದರಲ್ಲಿಯೇ ಹನ್ನೆರಡು ಆಟಗಳಿವೆ. ಅದರಲ್ಲಿ ಹೈಪರ್ ಫೈಟಿಂಗ್ ಆಡಿ ನೋಡಿ, ಡೇರೆಯ ಆಟದ ನೆರಳು ಅಲ್ಲಿ ಕಾಣುತ್ತದೆ. ಕಂಪನಿಗಳು ತಮ್ಮ ಸಂಕಲನಕ್ಕೆ ಬೇರೆಯವರು ತಿದ್ದಿದ್ದನ್ನು ಸೇರಿಸುವುದಿಲ್ಲ. ಹೀಗಾಗಿ ನಮ್ಮ ಜಾತ್ರೆಗಳ ನಿಜವಾದ ಆಟ ಅಧಿಕೃತ ಇತಿಹಾಸದ ಹೊರಗೇ ಉಳಿದಿದೆ. ಇದು ನನ್ನನ್ನು ಕಾಡುವ ಸಂಗತಿ.

ಜಾತ್ರೆಯ ಯಂತ್ರ ತೀರ ಕಷ್ಟದ್ದಾಗಿತ್ತೆಂದೂ ಬರೆದಿದ್ದೀರಿ. ಆಟದ ಕಾಠಿಣ್ಯ ಮತ್ತು ಒಂದು ನಾಣ್ಯಕ್ಕೆ ಎಷ್ಟು ಆಟ ಎಂಬುದನ್ನು ಮಾಲೀಕನೇ ನಿಗದಿ ಮಾಡಿಕೊಳ್ಳಲು ಬೋರ್ಡಿನ ಮೇಲೆ ಡಿಪ್ ಸ್ವಿಚ್ ಎಂಬ ಪುಟ್ಟ ಸ್ವಿಚ್ಚುಗಳ ಸಾಲು ಇರುತ್ತಿತ್ತು. ಅನೇಕ ಸಂಕಲನಗಳಲ್ಲಿ ಅವೇ ಆಯ್ಕೆಗಳು ಪಟ್ಟಿಯ ರೂಪದಲ್ಲಿ ಸಿಗುತ್ತವೆ. ಈಗ ಮಾಲೀಕರು ನೀವೇ.

ಅಂಕೋಲಾದ ಓದುಗರು: ನಾವೆಲ್ಲ ‘ಮುಸ್ತಫಾ’ ಎಂದು ಕರೆಯುತ್ತಿದ್ದ ಆಟ ಯಾವ ಸಂಕಲನದಲ್ಲಿ ಸಿಗುತ್ತದೆ?

ಈ ಪ್ರಶ್ನೆ ಎಲ್ಲಕ್ಕಿಂತ ಹೆಚ್ಚು ಪತ್ರಗಳಲ್ಲಿ ಬಂದಿದೆ. ಆಟದ ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್’, ಕ್ಯಾಪ್‌ಕಾಮ್ ಅದನ್ನು ಬಿಡುಗಡೆ ಮಾಡಿದ್ದು 1993ರಲ್ಲಿ. ಹಳದಿ ಟೊಪ್ಪಿಗೆಯ ಪಾತ್ರದ ಹೆಸರು ಮುಸ್ತಫಾ ಕೈರೋ. ನಮ್ಮ ದೇಶದ ಹುಡುಗರು ಅವನ ಹೆಸರನ್ನೇ ಆಟಕ್ಕೆ ಇಟ್ಟುಬಿಟ್ಟರು. ಕ್ಯಾಪ್‌ಕಾಮ್ 2018ರಲ್ಲಿ ತನ್ನ ಬೀದಿ ಹೊಡೆದಾಟದ ಏಳು ಆಟಗಳ ಸಂಕಲನ ತಂದಾಗ ಅದರಲ್ಲಿ ಫೈನಲ್ ಫೈಟ್ ಇತ್ತು, ಮುಸ್ತಫಾ ಇರಲಿಲ್ಲ. ಆ ಆಟವನ್ನು ಮಾರ್ಕ್ ಶುಲ್ಟ್ಜ್ ಅವರ ‘ಝೀನೋಝೋಯಿಕ್ ಟೇಲ್ಸ್’ ಎಂಬ ಚಿತ್ರಕಥಾ ಮಾಲಿಕೆಯನ್ನು ಆಧರಿಸಿ ಮಾಡಲಾಗಿತ್ತು, ಮೇಲಾಗಿ ಹೆಸರಿನಲ್ಲಿಯೇ ಒಂದು ಕಾರು ಕಂಪನಿಯ ಗುರುತು ಇದೆ. ಇಂಥ ಆಟವನ್ನು ಮತ್ತೆ ಮಾರಬೇಕಾದರೆ ಆಟ ಮಾಡಿದವರ ಒಪ್ಪಿಗೆಯೊಂದೇ ಸಾಲದು, ಕಥೆ, ಪಾತ್ರ, ಗುರುತು ಇವುಗಳ ಹಕ್ಕುದಾರರೆಲ್ಲರೊಂದಿಗೆ ಹೊಸ ಒಪ್ಪಂದ ಆಗಬೇಕಾಗುತ್ತದೆ.

ಇದೇ ಕಾರಣಕ್ಕೆ ಸೆಗಾ ಕಂಪನಿಯ 1986ರ ಔಟ್‌ರನ್ ಈಚಿನ ಮರುಬಿಡುಗಡೆಯಲ್ಲಿ ಆಟದಲ್ಲಿನ ಫೆರಾರಿ ಕಾರಿನ ರೂಪವನ್ನು ಬದಲಿಸಿಕೊಂಡು ಬಂದಿದೆ, 2022ರ ‘ಪ್ಯಾಕ್‌ಮ್ಯಾನ್ ಮ್ಯೂಸಿಯಂ ಪ್ಲಸ್’ನಲ್ಲಿ ಹದಿನಾಲ್ಕು ಆಟಗಳಿದ್ದರೂ ಮಿಸ್ ಪ್ಯಾಕ್‌ಮ್ಯಾನ್ ಇಲ್ಲ. ಆದರೆ ನಿರಾಶರಾಗಬೇಡಿ. ಮಾರ್ವೆಲ್ ಚಿತ್ರಕಥೆಯ ಪಾತ್ರವನ್ನು ಆಧರಿಸಿದ, 1993ರದೇ ಆದ ಕ್ಯಾಪ್‌ಕಾಮ್ ಆಟ ಪನಿಶರ್ ಕೂಡ ಹೀಗೆಯೇ ದಶಕಗಳ ಕಾಲ ಹಕ್ಕಿನ ಗಂಟಿನಲ್ಲಿ ಸಿಕ್ಕಿಕೊಂಡಿತ್ತು. 2024ರಲ್ಲಿ ಮಾರ್ವೆಲ್ ಮತ್ತು ಕ್ಯಾಪ್‌ಕಾಮ್ ಆಟಗಳ ಸಂಕಲನ ಬಂದಾಗ ಅದರ ಆರ್ಕೇಡ್ ಆವೃತ್ತಿಯೂ ಒಳಗಿತ್ತು.

ಹೊನ್ನಾವರದ ಓದುಗರು: ಸಂಕಲನ ಕೊಂಡು ದೊಡ್ಡ ಟಿ.ವಿ.ಯಲ್ಲಿ ಆಡಿದೆ. ಚಿತ್ರ ಅಡ್ಡಕ್ಕೆ ಎಳೆದಂತೆ ಕಾಣುತ್ತದೆ, ಗುಂಡಿ ಒತ್ತಿದ ಮೇಲೆ ನೆಗೆತ ತಡವಾಗಿ ಆಗುತ್ತದೆ. ನನಗೆ ವಯಸ್ಸಾಯಿತೇ?

ವಯಸ್ಸಿನ ಮೇಲೆ ತಪ್ಪು ಹೊರಿಸುವ ಮೊದಲು ಟಿ.ವಿ.ಯ ಸೆಟ್ಟಿಂಗ್ ನೋಡಿ. ಈಗಿನ ಟಿ.ವಿ.ಗಳು ಚಿತ್ರವನ್ನು ನುಣುಪುಗೊಳಿಸಲು ಪ್ರತಿ ಚೌಕಟ್ಟನ್ನೂ ಸ್ವಲ್ಪ ಹೊತ್ತು ತಡೆಹಿಡಿಯುತ್ತವೆ. ಒಂದು ಚೌಕಟ್ಟಿನ ಅವಧಿ ಸುಮಾರು 16.7 ಮಿಲಿಸೆಕೆಂಡ್. ಟಿ.ವಿ. 100 ಮಿಲಿಸೆಕೆಂಡ್ ತಡ ಮಾಡಿದರೆ ನೀವು ಆರು ಚೌಕಟ್ಟು ಹಿಂದಿನ ಆಟ ನೋಡಿ ಆಡುತ್ತಿರುತ್ತೀರಿ. ಹಳೆಯ ಪಿಕ್ಚರ್ ಟ್ಯೂಬಿನಲ್ಲಿ ಈ ತಡೆ ಇರಲಿಲ್ಲ. ‘ಗೇಮ್ ಮೋಡ್’ ಆರಿಸಿಕೊಂಡರೆ ತೊಂದರೆಯ ಬಹುಪಾಲು ಕಳೆಯುತ್ತದೆ.

ಚಿತ್ರದ ಅಗಲವನ್ನು 4:3 ಪ್ರಮಾಣಕ್ಕೆ ಇಡಿ. ಸ್ಟ್ರೀಟ್ ಫೈಟರ್ ಎರಡರಂಥ ಆಟಗಳ ಕ್ಯಾಪ್‌ಕಾಮ್ ಬೋರ್ಡುಗಳು ಅಡ್ಡಕ್ಕೆ 384, ಉದ್ದಕ್ಕೆ 224 ಚುಕ್ಕೆಗಳ ಚಿತ್ರ ಮೂಡಿಸುತ್ತಿದ್ದವು. ಲೆಕ್ಕ ನೋಡಿದರೆ ಅದು ಅಗಲವಾದ ಚಿತ್ರವೆನಿಸುತ್ತದೆ, ಆದರೆ ಯಂತ್ರದ ಪರದೆ 4:3 ಆಗಿದ್ದುದರಿಂದ ಚುಕ್ಕೆಗಳು ಒತ್ತಿಕೊಂಡು ಕೂರುತ್ತಿದ್ದವು, ಚಿತ್ರಕಾರರೂ ಆ ಒತ್ತುವಿಕೆಯನ್ನು ಲೆಕ್ಕಕ್ಕೆ ಹಿಡಿದೇ ಆಕೃತಿಗಳನ್ನು ಬರೆದಿದ್ದರು. ಪ್ಯಾಕ್‌ಮ್ಯಾನ್‌ನಂಥ ಆಟಗಳಲ್ಲಿ ಪರದೆಯನ್ನೇ ನೆಟ್ಟಗೆ ನಿಲ್ಲಿಸಿರುತ್ತಿದ್ದರು, ಹಾಗಾಗಿ ಅಲ್ಲಿ ಎರಡೂ ಬದಿಯಲ್ಲಿ ಖಾಲಿ ಜಾಗ ಉಳಿಯುವುದೇ ಸರಿ.

ಶಿರಸಿಯ ತಾಯಿಯೊಬ್ಬರು: ಒಂಬತ್ತು ವರ್ಷದ ಮಗಳಿಗೆ ಇಂಥ ಆಟ ಕೊಡಿಸಬೇಕೆಂದಿದ್ದೇನೆ. ಹತ್ತು ಸಾವಿರ ಆಟಗಳಿವೆ ಎನ್ನುವ, ಟಿ.ವಿ.ಗೆ ಸಿಕ್ಕಿಸುವ ಅಗ್ಗದ ಕಡ್ಡಿಗಳು ಮಾರಾಟಕ್ಕಿವೆ. ಸಂಕಲನಕ್ಕೆ ಹೆಚ್ಚು ಹಣ ಏಕೆ ಕೊಡಬೇಕು?

ಆ ಕಡ್ಡಿಗಳನ್ನು ಕೊಳ್ಳಬೇಡಿರೆಂದು ನಾನು ನೇರವಾಗಿ ಹೇಳುತ್ತೇನೆ. ಸ್ವಯಂಸೇವಕರು ವರ್ಷಗಟ್ಟಲೆ ದುಡಿದು ಉಚಿತವಾಗಿ ಹಂಚಿದ ಎಮ್ಯುಲೇಟರುಗಳನ್ನೂ, ಹಕ್ಕುದಾರರ ಒಪ್ಪಿಗೆಯಿಲ್ಲದೆ ತುಂಬಿದ ಆಟಗಳನ್ನೂ ಸೇರಿಸಿ ಮಾಡಿದ ಸರಕು ಅದು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಸಾಹಿತ್ಯಕೃತಿಯಷ್ಟೇ ರಕ್ಷಣೆ ಪಡೆದಿದೆ. ಕಾನೂನಿನ ಮಾತು ಬಿಟ್ಟರೂ, ಒಂದೇ ಆಟ ನಾಲ್ಕಾರು ಹೆಸರಿನಲ್ಲಿ ಮರುಕಳಿಸುವ ಆ ಪಟ್ಟಿಯಲ್ಲಿ ಮಗು ಯಾವ ಆಟವನ್ನೂ ಹತ್ತು ನಿಮಿಷಕ್ಕಿಂತ ಹೆಚ್ಚು ಆಡುವುದಿಲ್ಲ.

ನನ್ನ ಸಲಹೆ 2022ರಲ್ಲಿ ಬಂದ ‘ಅಟಾರಿ 50’ ಎಂಬ, ಅಟಾರಿ ಕಂಪನಿಯ ಆಟಗಳ ಸಂಕಲನ. ಅದರಲ್ಲಿ ನೂರಕ್ಕೂ ಹೆಚ್ಚು ಆಟಗಳನ್ನು ಕಾಲಾನುಕ್ರಮವಾಗಿ ಜೋಡಿಸಿ, ನಡುನಡುವೆ ಆಟ ರೂಪಿಸಿದವರ ಸಂದರ್ಶನ, ಕೈಬರಹದ ನಕ್ಷೆ, ಹಳೆಯ ಜಾಹೀರಾತುಗಳನ್ನು ಇಟ್ಟಿದ್ದಾರೆ. ನೀವು ಮಗಳ ಪಕ್ಕದಲ್ಲಿ ಕುಳಿತು ಓದಿ ಹೇಳಬೇಕಾಗುತ್ತದೆ, ಭಾಷೆ ಇಂಗ್ಲಿಷ್. ಮಳೆಗಾಲದಲ್ಲಿ ನಿಮ್ಮಲ್ಲಿ ಕರೆಂಟೂ ನೆಟ್‌ವರ್ಕೂ ಕೈಕೊಡುವುದನ್ನು ಬರೆದಿದ್ದೀರಿ. ಆದ್ದರಿಂದ ಡೌನ್‌ಲೋಡ್‌ಗಿಂತ ಡಿಸ್ಕ್ ಅಥವಾ ಕಾರ್ಟ್ರಿಡ್ಜ್ ರೂಪದಲ್ಲಿ ಕೊಳ್ಳುವುದೇ ಮೇಲು. ಹಕ್ಕಿನ ಒಪ್ಪಂದ ಮುಗಿದರೆ ಡೌನ್‌ಲೋಡ್ ಅಂಗಡಿಯಿಂದ ಆಟ ಕಾಣೆಯಾಗುವುದುಂಟು, ಕಪಾಟಿನಲ್ಲಿರುವ ಡಿಸ್ಕ್ ಹಾಗಾಗುವುದಿಲ್ಲ.

ಕಾರವಾರದ ಓದುಗರು: ತಂದೆಯವರು 1990ರ ದಶಕದಲ್ಲಿ ವಿಡಿಯೋ ಗೇಮ್ ಅಂಗಡಿ ನಡೆಸುತ್ತಿದ್ದರು. ಅಟ್ಟದಲ್ಲಿ ಎರಡು ಬೋರ್ಡುಗಳು ಉಳಿದಿವೆ. ಆಟಗಳೆಲ್ಲ ಸಂಕಲನದಲ್ಲಿ ಸಿಗುವಾಗ ಇವನ್ನು ಗುಜರಿಗೆ ಹಾಕಬಹುದೇ?

ದಯವಿಟ್ಟು ಹಾಕಬೇಡಿ. ಮೇಲೆ ಹೇಳಿದ ಸಂಕಲನಗಳ ಆರ್ಕೇಡ್ ಆಟಗಳು ಮೂಲದಲ್ಲಿ ಇಂಥ ಬೋರ್ಡುಗಳ ಚಿಪ್‌ಗಳಲ್ಲಿದ್ದವೇ, ಮತ್ತು ನಿಮ್ಮ ಬಳಿ ಇರುವುದು ಜಾತ್ರೆಯ ಡೇರೆಯಲ್ಲಿದ್ದಂಥ ತಿದ್ದಿದ ಆವೃತ್ತಿಯಾಗಿದ್ದರೆ ಅದು ಯಾವ ಸಂಕಲನದಲ್ಲಿಯೂ ಸಿಗುವುದಿಲ್ಲ.

ನೀವು ಕಳಿಸಿದ ಚಿತ್ರದಲ್ಲಿ ಒಂದು ಬೋರ್ಡು ಪ್ಲಾಸ್ಟಿಕ್ ಪೆಟ್ಟಿಗೆಯೊಳಗಿದ್ದು, ಅದರ ಮೇಲೆ ಕ್ಯಾಪ್‌ಕಾಮ್‌ನ ಸಿ.ಪಿ.ಎಸ್. 2 ಎಂಬ ಗುರುತಿದೆ. ಅದರ ಬಗ್ಗೆ ಅವಸರ ಮಾಡಬೇಕು. ನಕಲು ತಡೆಯಲೆಂದು ಕಂಪನಿ ಆಟವನ್ನು ಗೂಢಲಿಪಿಯಲ್ಲಿ ಇಟ್ಟು, ಅದನ್ನು ಬಿಡಿಸುವ ಕೀಲಿಯನ್ನು 3.6 ವೋಲ್ಟಿನ ಒಂದು ಬ್ಯಾಟರಿಯ ಬಲದಿಂದ ಮಾತ್ರ ಉಳಿಯುವ ಮೆಮೊರಿಯಲ್ಲಿ ಇರಿಸಿತ್ತು. ಬ್ಯಾಟರಿ ಸತ್ತರೆ ಕೀಲಿ ಅಳಿಸಿ ಬೋರ್ಡು ಮೂಕವಾಗುತ್ತದೆ. 2016ರಲ್ಲಿ ಆಸಕ್ತರ ಗುಂಪೊಂದು ಆ ಕೀಲಿಯನ್ನು ಮತ್ತೆ ತುಂಬುವ ವಿಧಾನವನ್ನು ಕಂಡುಹಿಡಿದಿರುವುದರಿಂದ, ಈಗಾಗಲೇ ಮೂಕವಾಗಿದ್ದರೂ ಆಸೆ ಬಿಡಬೇಕಾಗಿಲ್ಲ. ಆದರೆ ಸೋರಿದ ಬ್ಯಾಟರಿಯ ರಸ ತಾಮ್ರದ ಗೆರೆಗಳನ್ನು ತಿಂದರೆ ರಿಪೇರಿ ಬಹಳ ಕಷ್ಟ.

ಬೋರ್ಡಿಗೆ ಸುಮ್ಮನೆ ಕರೆಂಟು ಕೊಟ್ಟು ನೋಡಬೇಡಿ. ಕಡಲ ದಂಡೆಯ ಉಪ್ಪುಗಾಳಿಗೆ ಅಂಚಿನ 56 ಸಂಪರ್ಕ ಪಟ್ಟಿಗಳು ಹಸಿರುಗಟ್ಟಿರುತ್ತವೆ. ಅವನ್ನು ಐಸೋಪ್ರೊಪೈಲ್ ಆಲ್ಕೊಹಾಲ್ ಹಾಗೂ ಮೃದುವಾದ ಬ್ರಷ್‌ನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ. ಬ್ಯಾಟರಿ ಬದಲಿಸಲು ಬೆಸುಗೆಯಲ್ಲಿ ನುರಿತವರ ಬಳಿ ಹೋಗುವಾಗ, ಹಳೆಯದನ್ನು ಬಿಚ್ಚಿದ ಮೇಲೆ ಹೊಸದು ಕೂರುವವರೆಗೂ ಮೆಮೊರಿಗೆ ವೋಲ್ಟೇಜ್ ತಪ್ಪಬಾರದೆಂದು ಮೊದಲೇ ತಿಳಿಸಿ. ಚಿಪ್‌ಗಳ ಮೇಲಿನ ಕಾಗದದ ಚೀಟಿಗಳನ್ನು ಕೀಳಬೇಡಿ, ಕೆಲವು ಚಿಪ್‌ಗಳಲ್ಲಿ ಅದರ ಕೆಳಗೆ ಗಾಜಿನ ಕಿಟಕಿ ಇರುತ್ತದೆ, ಅದಕ್ಕೆ ಬಿಸಿಲು ಬಿದ್ದರೆ ಬರೆದದ್ದು ಕ್ರಮೇಣ ಅಳಿಸುತ್ತದೆ. ಆಮೇಲೆ ಎರಡೂ ಬೋರ್ಡುಗಳ ಎರಡೂ ಬದಿಯ ಸ್ಪಷ್ಟ ಚಿತ್ರಗಳನ್ನು ನನಗೆ ಕಳಿಸಿ. ಎರಡನೆಯದು ಯಾವ ಆಟದ್ದೆಂದು ಗುರುತಿಸಲು ಪ್ರಯತ್ನಿಸುತ್ತೇನೆ.